ಅರ್ಧ ದಿನದ ಮುಯ್ಯಿ

ಆರು ಜನ ಹೆಂಗಸರು ಸಲಿಕೆ, ಬುಟ್ಟಿ ಹಿಡಿದು ಲಾರಿಯಿಂದ ಕಲ್ಲಿದ್ದಲು ಇಳಿಸುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಂತೂ ಅದು ಬಾರದ ವಾಟ್ಸಾಪ್ ಗುಂಪು ಇಲ್ಲ. 'ಬೆಳಿಗ್ಗೆ ಹೋರಾಟ, ಮಧ್ಯಾಹ್ನ ಕೂಲಿ' ಎಂದು ಕೆಳಗೆ ಬರೆದು, ಪಕ್ಕದಲ್ಲಿ ಮೂರು ನಗುವ ಮುಖ ಅಂಟಿಸಿದ್ದರು. ಅದರಲ್ಲಿ ಎರಡನೆಯವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕ್ಯಾಮೆರಾ ಕಡೆ ಕೆಕ್ಕರಿಸಿ ನೋಡುತ್ತಾಳಲ್ಲ, ಅವಳು ನಾನು. ಹೆಸರು ಅನುಸೂಯ, ಬೋರಪ್ಪನಕಟ್ಟೆಯ ಆಶಾ ಕಾರ್ಯಕರ್ತೆ. ನಲವತ್ತು ಸೆಕೆಂಡು ನೋಡಿ ಹಲ್ಲು ಕಿರಿದವರ ಮೇಲೆ ನನಗೆ ಕೋಪವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವತ್ತು ಅದರ ಹತ್ತರಷ್ಟು ಕೋಪ ಬಂದಿದ್ದು ನನ್ನ ಮುಂದೆ ಬುಟ್ಟಿ ಹೊತ್ತು ನಡೆಯುತ್ತಿದ್ದ ಚಂದ್ರಕ್ಕನ ಮೇಲೆ.

ನಮ್ಮೂರು ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವೆ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಗಿದೆ. ಊರಿನ ಪಡುವಣಕ್ಕೆ ಹನ್ನೆರಡು ಎಕರೆ ಕೊಂಡ ಕಂಪನಿಯೊಂದು ಕಾಂಪೌಂಡು ಎಬ್ಬಿಸಿ, ತೂಕದ ಯಂತ್ರ ಕೂರಿಸಿ, ಕಲ್ಲಿದ್ದಲು ಯಾರ್ಡ್ ಮಾಡಲು ಹೊರಟಿತು. ಬಂದರಿನಿಂದ ಲಾರಿಯಲ್ಲಿ ಕಲ್ಲಿದ್ದಲು ತಂದು ಇಲ್ಲಿ ಗುಡ್ಡೆ ಹಾಕುವುದು, ಇಲ್ಲಿಂದ ಕಾರ್ಖಾನೆಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ ಮಾರುವುದು. ಕಂಪನಿಯ ಹೆಸರು ಹೇಳುವುದಿಲ್ಲ. ಅದಕ್ಕೆ ಪುಕ್ಕಟೆ ಪ್ರಚಾರ ನಾನೇಕೆ ಕೊಡಲಿ?

ವರ್ಷದಲ್ಲಿ ನಾಲ್ಕೈದು ತಿಂಗಳು ನಮಗೆ ಗಾಳಿ ಬೀಸುವುದು ಪಡುವಣದಿಂದ. ಆ ಗಾಳಿಯನ್ನು ನಂಬಿಯೇ ಎದುರು ಗುಡ್ಡದ ಮೇಲೆ ಸಾಲಾಗಿ ಗಾಳಿಕಂಬ ನೆಟ್ಟಿದ್ದಾರೆ. ಮೇಲೆ ಕರೆಂಟು ಮಾಡುವ ಗಾಳಿಯೇ ಕೆಳಗೆ ನಮ್ಮ ಅಡುಗೆ ಮನೆಗೆ ಕಲ್ಲಿದ್ದಲ ಪುಡಿ ಹೊತ್ತು ತರುತ್ತದೆ ಎನ್ನುವುದು ಅನುಮತಿ ಕೊಟ್ಟ ಸಾಹೇಬರಿಗೆ ಹೊಳೆಯಲಿಲ್ಲ. ಸತ್ಯ ಹೇಳಬೇಕೆಂದರೆ ಮೊದಮೊದಲು ನಮಗೂ ಹೊಳೆದಿರಲಿಲ್ಲ. ಹಿರಿಯೂರಿನ ಆಚೆ ಇಂಥದ್ದೇ ಯಾರ್ಡ್ ಇದೆಯೆಂದು ಕೇಳಿ ಒಂದು ಟಾಟಾ ಏಸ್ ಮಾಡಿಕೊಂಡು ನೋಡಲು ಹೋದೆವು. ಅಲ್ಲಿನ ಆಶಾ ಒಬ್ಬಳು ತನ್ನ ರಿಜಿಸ್ಟರು ತೆಗೆದು ನನ್ನ ಮುಂದಿಟ್ಟಳು. ಪುಟ ತಿರುವಿದಷ್ಟೂ ಕೆಮ್ಮು, ಉಬ್ಬಸ, ಮತ್ತೆ ಕೆಮ್ಮು. ಚಂದ್ರಕ್ಕ ರಿಜಿಸ್ಟರು ನೋಡಲಿಲ್ಲ, ಅವಳಿಗೆ ಓದಲು ಬಾರದು. ಯಾರದೋ ಮನೆಯ ಅಟ್ಟ ಹತ್ತಿ, ಒಣಗಲು ಇಟ್ಟಿದ್ದ ಕೊಬ್ಬರಿಯ ಮೇಲೆ ಬೆರಳಾಡಿಸಿ, ಇಳಿದು ಬಂದು ಬೆರಳು ತೋರಿಸಿದಳು. ಮಸಿ.

"ಹೋಗಾಣ ನಡೀರಿ, ನೋಡಿದ್ದಾತು," ಎಂದಳು.

ಚಂದ್ರಕ್ಕನಿಗೆ ಅರವತ್ತರ ಹತ್ತಿರ. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ನಮ್ಮೂರಲ್ಲಿ ಮುಯ್ಯಿ ನಡೆಸುವವಳು ಅವಳೇ. ಇವತ್ತು ನೀವು ನಮ್ಮ ಹೊಲಕ್ಕೆ ಆಳಾಗಿ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಹೋಗುತ್ತೇವೆ, ಕೂಲಿಯ ಮಾತೇ ಇಲ್ಲ, ಮಧ್ಯಾಹ್ನದ ಊಟ ಹೊಲದವರದು. ಇದೇ ಮುಯ್ಯಿ. ಯಾರು ಯಾರಿಗೆ ಎಷ್ಟು ಹೊತ್ತು ದುಡಿದಿದ್ದಾರೆ, ಯಾರದು ಬಾಕಿ ಎನ್ನುವುದೆಲ್ಲ ಅವಳ ತಲೆಯಲ್ಲಿ ಇರುತ್ತದೆ. ಹತ್ತು ವರ್ಷದಿಂದ ರಿಜಿಸ್ಟರು ಬರೆಯುವ ನಾನು ತಪ್ಪಿದ್ದೇನೆ, ಅವಳು ತಪ್ಪಿದ್ದು ನೋಡಿಲ್ಲ.

ಚಿತ್ರದುರ್ಗದ ವಕೀಲ ಶರಣ್ ಅನುಮತಿ ಪತ್ರವನ್ನು ಎರಡು ಸಲ ಓದಿ ಅದರಲ್ಲಿ ಒಂದು ಸಾಲು ಹುಡುಕಿಕೊಟ್ಟರು. ಸೆಪ್ಟೆಂಬರ್ ಮೂವತ್ತರ ಸಂಜೆ ಆರರೊಳಗೆ ಯಾರ್ಡಿನಲ್ಲಿ ಮೊದಲ ಲೋಡು ಪೂರ್ತಿ ಇಳಿದು, ತೂಕದ ಚೀಟಿಗೆ ಚಾಲಕನ ಸಹಿ ಬೀಳಬೇಕು. ಬೀಳದಿದ್ದರೆ ಅನುಮತಿ ರದ್ದು. ಮತ್ತೆ ಹೊಸ ಅರ್ಜಿ ಹಾಕಬೇಕು, ಊರಿಗೇ ಬಂದು ಜನರ ಅಹವಾಲು ಕೇಳಬೇಕು. ಮೊದಲ ಸಲ ಅಹವಾಲು ಕೇಳಿದ್ದು ಯಾವುದೋ ಆಫೀಸಿನ ಕೋಣೆಯಲ್ಲಿ, ನಮಗೆ ಗೊತ್ತೇ ಇಲ್ಲದಂತೆ.

ಅವತ್ತು ಇಪ್ಪತ್ತನೇ ತಾರೀಕು. ಹತ್ತು ದಿನ ಯಾರ್ಡಿನ ರಸ್ತೆಗೆ ಅಡ್ಡ ಕೂತರೆ ಸಾಕು. ಆದರೆ ಈರುಳ್ಳಿ ಕೀಳುವ ಕಾಲ, ಯಾರು ಹತ್ತು ದಿನ ಹೊಲ ಬಿಟ್ಟು ರಸ್ತೆಯಲ್ಲಿ ಕೂರುತ್ತಾರೆ? ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಚಂದ್ರಕ್ಕ ಸರಾಗವಾಗಿ ಹೇಳಿದಳು, "ಮುಯ್ಯಿ ಮಾಡಾಣ. ಅರ್ಧ ಊರು ರಸ್ತೆ ಕಾಯ್ಲಿ, ಅರ್ಧ ಊರು ಅವರ ಹೊಲ ನೋಡ್ಲಿ. ಮಾರನೇ ದಿನ ಅದ್ಲುಬದ್ಲು."

ಹಾಗೇ ಆಯಿತು. ಪೆಂಡಾಲ್ ಎದ್ದಿತು. ಅಕ್ಕಪಕ್ಕದ ಮೂರು ಹಳ್ಳಿಯವರೂ ಸೇರಿಕೊಂಡರು. ಯಾವಾಗಲೂ ಮೂಗು ಮುರಿಯುತ್ತಿದ್ದ ಕಾಟಪ್ಪ ಕೂಡ ಬಂದು ಕೂತ, ಏಕೆಂದರೆ ಅವನ ಮೂರು ಎಕರೆ ಈರುಳ್ಳಿಯನ್ನು ಊರವರು ಒಂದೇ ದಿನದಲ್ಲಿ ಕಿತ್ತುಕೊಟ್ಟಿದ್ದರು. ಕಂಪನಿಯ ಸೂಪರ್‌ವೈಸರ್ ಲಕ್ಷ್ಮೀಕಾಂತ್ ಎರಡರಷ್ಟು ಕೂಲಿ ಕೊಡುತ್ತೇನೆಂದು ಹಳ್ಳಿ ಹಳ್ಳಿ ಸುತ್ತಿದರೂ ಹಮಾಲಿಗೆ ಒಬ್ಬ ಆಳು ಸಿಗಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಮುಯ್ಯಾಳುಗಳಾಗಿ ಹೋಗಿದ್ದರು.

ಇಪ್ಪತ್ಮೂರಕ್ಕೆ ಆರು ಲಾರಿ ಬಂದು ನಮ್ಮ ಮುಂದೆ ನಿಂತವು. ಹಿಂದೆಯೇ ಒಂದು ಜೆಸಿಬಿ. ಹಿಂಭಾಗ ಎತ್ತಿ ಸುರಿಯುವ ಟಿಪ್ಪರ್‌ಗಳಲ್ಲ, ಹಳೇ ಕಾಲದ ಹತ್ತು ಚಕ್ರದ ಲಾರಿಗಳು. ಕೈಯಲ್ಲಾದರೂ ಇಳಿಸಬೇಕು, ಜೆಸಿಬಿಯಲ್ಲಾದರೂ ಇಳಿಸಬೇಕು. ಚಂದ್ರಕ್ಕ ಮೊದಲ ಲಾರಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಡ್ರೈವರ್ ಕಿಟಕಿಯಿಂದ ಬಗ್ಗಿ, "ಅಕ್ಕಾ, ಎಷ್ಟೊತ್ತು ಕುಂತ್ಕಂತೀರಿ?" ಎಂದು ಕೇಳಿದ.

"ಮೂವತ್ತನೇ ತಾರೀಕಿನ ತಂಕ," ಎಂದಳು.

ಅವನು ಗಡಿಯಾರ ನೋಡಿಕೊಂಡ. ನಮಗೆಲ್ಲ ನಗು ಬಂತು, ಅವನಿಗೂ ಬಂತು. ಅವನೇ ಪಾಪಣ್ಣ. ಹಿರಿಯೂರು ಕಡೆಯವನು, ನಲವತ್ತೈದು ಇರಬಹುದು. ಲಾರಿ ಸ್ವಂತದ್ದು, ಬಾನೆಟ್ಟಿನ ಮೇಲೆ ಹೆಂಡತಿ ಶಾಂತಿಯ ಹೆಸರು ಬರೆಸಿಕೊಂಡಿದ್ದ. ಆರೂ ಜನ ಡ್ರೈವರ್‌ಗಳು ಅಲ್ಲೇ ಸ್ಟೌ ಹಚ್ಚಿ ಅಡುಗೆ ಮಾಡಿಕೊಂಡರು. ನಾವು ನೀರು, ಮಜ್ಜಿಗೆ ಕೊಟ್ಟೆವು. ಜಗಳ ಕಂಪನಿಯ ಮೇಲೆ, ಡ್ರೈವರ್‌ಗಳ ಮೇಲೆ ಅಲ್ಲವಲ್ಲ.

ಇಪ್ಪತ್ತಾರನೇ ತಾರೀಕು ಚಂದ್ರಕ್ಕನ ಹೊಲದ ಸರದಿ. ಎರಡು ಎಕರೆ ಈರುಳ್ಳಿ ಕಿತ್ತು ಸಾಲಿನಲ್ಲಿ ಒಣಗಲು ಬಿಟ್ಟಿದ್ದಳು. ದಂಟು ಕೊಯ್ದು, ಗುಡ್ಡೆ ಮಾಡಿ, ಮುಚ್ಚುವುದೊಂದು ಬಾಕಿ. ಬೆಳಿಗ್ಗೆ ಹೊಳಲ್ಕೆರೆಯಿಂದ ಪೊಲೀಸ್ ವ್ಯಾನು ಬಂತು. ಎಬ್ಬಿಸುತ್ತಾರೋ ಏನೋ ಎಂದು ಒಬ್ಬರೂ ರಸ್ತೆ ಬಿಟ್ಟು ಕದಲುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಅವಳ ಹೊಲ ರಸ್ತೆಯ ಬಗಲಲ್ಲೇ ಇದೆ, ಕೂತಲ್ಲಿಂದಲೇ ಕಾಣುತ್ತದೆ. ಅವಳು ಅತ್ತ ಕತ್ತು ತಿರುಗಿಸಲಿಲ್ಲ.

"ಚಂದ್ರಕ್ಕ, ನೀವಾದ್ರೂ ಹೋಗ್ರಿ," ಎಂದೆ.

"ಎರಡು ಎಕರೆಗೆ ನಾನೊಬ್ಬಳು ಹೋಗಿ ಏನ್ ಮಾಡ್ಲವ್ವ? ಸುಮ್ನೆ ಕುಂತ್ಕ."

ಆಗ ಪಾಪಣ್ಣ ಲಾರಿಯಿಂದ ಇಳಿದ. ಇಳಿದವನು ಹಿಂದಿನವರನ್ನು ಕೂಗಿದ. ಆರೂ ಜನ ಲಾರಿಯ ಟಾರ್ಪಾಲುಗಳನ್ನು ಹೆಗಲ ಮೇಲೆ ಹಾಕಿಕೊಂಡು ಹೊಲಕ್ಕೆ ನಡೆದರು. ಹೊಲದವರ ಮನೆಯಲ್ಲೇ ಹುಟ್ಟಿದವರು, ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ದಂಟು ಕೊಯ್ದರು, ಗುಡ್ಡೆ ಹಾಕಿದರು, ಟಾರ್ಪಾಲಿನ ಮಸಿ ಮೆತ್ತಿದ ಮಗ್ಗುಲು ಮೇಲೆ ಬರುವಂತೆ ಮಗುಚಿ ಮುಚ್ಚಿ, ಸುತ್ತ ಕಲ್ಲು ಹೇರಿದರು. ಐದೂವರೆಗೆ ಕೊನೆಯ ಕಲ್ಲು ಇಟ್ಟರು, ಆಗಲೇ ಹನಿ ಬಿತ್ತು. ಪೊಲೀಸರು ಮಳೆ ನೋಡಿ ವ್ಯಾನು ಹತ್ತಿದರು. ನಾವು ಪೆಂಡಾಲಿನಡಿ ಕೂತು ಆ ಮಳೆ ನೋಡಿದೆವು. ಆ ಟಾರ್ಪಾಲು ಇಲ್ಲದಿದ್ದರೆ ಚಂದ್ರಕ್ಕನ ಒಂದು ವರ್ಷ ಕೊಳೆತು ಹೋಗುತ್ತಿತ್ತು.

ಆ ಸಂಜೆ ಅವಳು ಆರೂ ಜನರನ್ನು ಮನೆಗೆ ಕರೆದು ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಊಟವಾದ ಮೇಲೆ ತಾನೇ ಚೊಂಬು ಹಿಡಿದು ಅವರ ಕೈಗೆ ನೀರು ಹಾಕುತ್ತ, "ನಿಮ್ಮ ಮುಯ್ಯಿ ನನ್ನ ಮೇಲೈತೆ ಕಣ್ರಪ್ಪ," ಎಂದಳು. ನಾನು ಪಕ್ಕದಲ್ಲೇ ಇದ್ದೆ. ಕಿವಿಗೆ ಬಿತ್ತು, ಆದರೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದೇ ಮಾತು ಬಾಯಿಂದ ಬರುತ್ತಿತ್ತು. ನಮ್ಮೂರಲ್ಲಿ ಯಾರಿದ್ದರೂ ಅದನ್ನೇ ಆಡುತ್ತಿದ್ದರು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಪಾಪಣ್ಣ ಪೆಂಡಾಲಿಗೆ ಬಂದು ನಿಂತ. ಕೂರು ಎಂದರೂ ಕೂರಲಿಲ್ಲ.

"ಅಕ್ಕ, ಹೇಳಾಕೆ ಬಾಯಿ ಬರವಲ್ದು. ನಾಳೆ ಸಂಜೆ ಒಳಗೆ ಒಂದು ಲೋಡಾದ್ರೂ ಇಳೀಲಿಲ್ಲ ಅಂದ್ರೆ ನಮ್ಮ ಯಾರಿಗೂ ಬಾಡಿಗೆ ಇಲ್ವಂತೆ. ಇನ್ಮ್ಯಾಲೆ ಲೋಡೂ ಕೊಡಲ್ವಂತೆ. ನಾವು ಆರು ಜನ ಮಾತಾಡ್ಕೊಂಡು ನನ್ನ ಲಾರಿ ಅಂತ ತೀರ್ಮಾನ ಮಾಡಿದ್ವಿ. ಇಳಿಸಾಕೆ ಆಳಿಲ್ಲ, ಹಮಾಲಿ ಕೆಲಸಕ್ಕೆ ನಮ್ಮ ಡ್ರೈವರ್‌ಗಳು ಕೈ ಹಾಕಲ್ಲ. ನಮ್ಮ ಮುಯ್ಯಿ ಕೇಳಾಣ ಅಂತ ಬಂದೆ."

ಹಿಂದೆ, ಯಾರ್ಡಿನ ಗೇಟಿನ ಹತ್ತಿರ, ಲಕ್ಷ್ಮೀಕಾಂತ್ ಕೈ ಕಟ್ಟಿಕೊಂಡು ನಿಂತು ನೋಡುತ್ತಿದ್ದ. ಈ ಬುದ್ಧಿ ಎಲ್ಲಿಂದ ಬಂತೆಂದು ನನಗೆ ತಿಳಿಯಿತು. ಮೈಯೆಲ್ಲ ಉರಿದುಹೋಯಿತು.

ಪೆಂಡಾಲಿನಲ್ಲಿ ಗದ್ದಲವೆದ್ದಿತು. ಕಾಟಪ್ಪ ಎದ್ದು ನಿಂತು, "ಆರು ಆಳಿನ ಕೂಲಿ ಎಷ್ಟಾಗ್ತದೋ ಕೊಟ್ಟು ಕಳ್ಸಾಣ. ಊರೆಲ್ಲ ಸೇರಿ ಹಾಕಾಣ," ಎಂದ.

"ಮುಯ್ಯಿಗೆ ಕೂಲಿ ಕೊಟ್ಟೋರು ಯಾರಪ್ಪ ಈ ಸೀಮ್ಯಾಗೆ?" ಎಂದಳು ಚಂದ್ರಕ್ಕ.

ನಾನು ಬುದ್ಧಿವಂತಿಕೆ ಹೂಡಿದೆ. "ಮುಯ್ಯಿ ಅಂದ್ರೆ ಮನೆ ಕೆಲಸಕ್ಕೆ, ಹೊಲದ ಕೆಲಸಕ್ಕೆ. ಧಣಿ ಕೆಲಸಕ್ಕೆ ಮುಯ್ಯಿ ಇಲ್ಲ. ಪಾಪಣ್ಣ, ನಿಮ್ಮ ಹೊಲದಾಗೆ ಏನ್ ಕೆಲಸ ಐತೆ ಹೇಳ್ರಿ, ಹಿರಿಯೂರಿಗೇ ಬಂದು ಮಾಡಿಕೊಡ್ತೀವಿ. ಕಂಪನಿ ಕಲ್ಲಿದ್ದಲು ನಿಮ್ಮದಲ್ವಲ್ಲ?"

ಪಾಪಣ್ಣ ನನ್ನನ್ನು ನೋಡಲಿಲ್ಲ. "ನನಗೆ ಹೊಲ ಇಲ್ಲ ಕಣಕ್ಕ. ನಮ್ಮಪ್ಪನ ಕಾಲಕ್ಕೇ ಹೋತು. ಆ ಲಾರಿನೇ ನನ್ನ ಹೊಲ," ಎಂದ.

ಎಲ್ಲರೂ ಚಂದ್ರಕ್ಕನ ಮುಖ ನೋಡಿದರು. ಅವಳು ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು, "ಇವತ್ತು ಶಿವಗಂಗಮ್ಮನ ಹೊಲದ ಮುಯ್ಯಿ ಐತೆ, ಅದು ಮುಂಚೆ ಒಪ್ಪಿದ್ದು. ನಾಳೆ ಬತ್ತೀವಿ. ನೀವು ಮಧ್ಯಾಹ್ನ ಹನ್ನೆರಡೂವರೆಗೆ ಹೊಲಕ್ಕಿಳಿದ್ರಿ, ಐದೂವರೆಗೆ ಮುಗಿಸಿದ್ರಿ. ಅರ್ಧ ದಿನ, ಆರಾಳು. ನಾವೂ ಅಷ್ಟೇ. ಸಮ ಅಲ್ವಾ?"

"ಸಮ ಅಕ್ಕ," ಎಂದ ಪಾಪಣ್ಣ.

ಅವನು ಹೋದ ಮೇಲೆ ನಾನು ಕೂಗಾಡಿದೆ. ಒಂಬತ್ತು ದಿನ ಬಿಸಿಲು, ಮಳೆ, ಪೊಲೀಸರ ಬೈಗುಳ ತಿಂದಿದ್ದು ಯಾಕೆ? ಒಂದೇ ಒಂದು ಲೋಡು ಇಳಿದರೆ ಮುಗಿಯಿತು, ಅದನ್ನು ನಾವೇ ಹೊತ್ತು ಒಳಗೆ ಹಾಕುವುದೇ? ಮುಯ್ಯಿ ದೊಡ್ಡದೋ ಊರಿನ ಮಕ್ಕಳ ಎದೆ ದೊಡ್ಡದೋ? ಎಲ್ಲರೆದುರು ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲು ಈಗ ನಾಚಿಕೆಯಾಗುತ್ತದೆ.

ಅವಳು ಕೇಳುವಷ್ಟು ಕೇಳಿ, "ಅನುಸೂಯ, ಒಂಬತ್ತು ದಿನ ಇವರೆಲ್ಲ ಇಲ್ಲಿ ಕುಂತಿದ್ದು ನನ್ನ ಮುಖ ನೋಡಿ ಅಂದ್ಕಂಡಿಯಾ? ನನ್ನ ಈರುಳ್ಳಿನ ಇನ್ನೊಬ್ರು ಕೀಳ್ತಾರೆ ಅನ್ನೋ ಧೈರ್ಯದ ಮ್ಯಾಲೆ ಕುಂತವ್ರೆ. ಬೇಕಾದೋರ ಮುಯ್ಯಿ ತೀರಿಸ್ತೀನಿ, ಬ್ಯಾಡಾದೋರದ್ದು ಬಿಡ್ತೀನಿ ಅಂತ ನಾನೇ ಅಂದ್ರೆ, ನಾಳೆ ಯಾವ ಧೈರ್ಯದ ಮ್ಯಾಲೆ ಕುಂತ್ಕಂತಾರೆ?" ಎಂದಳು. "ಟಾರ್ಪಾಲು ಹೊದ್ಸುವಾಗ ಅವರೇನು ನಾವು ಯಾರು ಅಂತ ಕೇಳಿದ್ರಾ?"

"ಹಂಗಾದ್ರೆ ಯಾರ್ಡ್ ಬರ್ಲಿ ಬಿಡ್ರಿ," ಎಂದು ಎದ್ದು ಬಂದೆ. ಆಮೇಲೆ ಅವಳ ಜೊತೆ ಮಾತು ಬಿಟ್ಟೆ.

ಮಾತು ಬಿಟ್ಟರೂ ಹೋಗದೆ ಇರುವಂತಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಅವಳು ನಮ್ಮ ಹೊಲದಲ್ಲಿ ದಿನವಿಡೀ ಬಗ್ಗಿ ಈರುಳ್ಳಿ ಕಿತ್ತಿದ್ದಳು. ಅವಳ ಮುಯ್ಯಿ ನನ್ನ ಮೇಲಿತ್ತು. ಮೂವತ್ತರ ಮಧ್ಯಾಹ್ನ ಅವಳು, ನಾನು, ಶಿವಗಂಗಮ್ಮ, ಇನ್ನೂ ಮೂವರು ಬುಟ್ಟಿ, ಸಿಂಬೆ ಹಿಡಿದು ಹೊರಟೆವು. ಪೆಂಡಾಲಿನವರು ಎದ್ದು ದಾರಿ ಬಿಟ್ಟರು. ಪಾಪಣ್ಣನ ಲಾರಿ ಒಂದೇ ಒಳಗೆ ಹೋಯಿತು, ಉಳಿದ ಲಾರಿಗಳಿಗೂ ಜೆಸಿಬಿಗೂ ದಾರಿ ಕೊಡದೆ ಮತ್ತೆ ಎಲ್ಲರೂ ರಸ್ತೆಗೆ ಅಡ್ಡ ಕೂತರು. ಮುದುಕಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಕ್ಷ್ಮೀಕಾಂತ್ ಗೇಟಿನಲ್ಲಿ ನಿಂತು, "ಬರ್ರಿ ಬರ್ರಿ, ಸ್ವಾಗತ," ಎನ್ನುತ್ತ ಫೋನು ಎತ್ತಿ ಹಿಡಿದ. ನಾವು ಇಳಿಸುವಾಗಲೂ ಅದನ್ನು ಕೆಳಗಿಡಲಿಲ್ಲ, ಹಾಗೆ ತೆಗೆದದ್ದೇ ಆ ವಿಡಿಯೊ.

ಇಬ್ಬರು ಲಾರಿಯ ಮೇಲೆ ಹತ್ತಿ ಸಲಿಕೆಯಿಂದ ತುಂಬಿಕೊಡುವುದು, ನಾಲ್ವರು ಹೊತ್ತು ಹಾಕುವುದು. ಕಲ್ಲಿದ್ದಲು ಕಲ್ಲಿನಷ್ಟು ಭಾರವಿಲ್ಲ, ಅದರ ಪುಡಿಯದೇ ಕಾಟ. ಮೊದಲ ಹತ್ತು ಬುಟ್ಟಿಗೇ ಬಾಯಲ್ಲಿ ಕರಕರ ಎಂದಿತು. ಬೆವರಿನ ಜೊತೆ ಇಳಿದು ಕಣ್ಣು ಉರಿಸಿತು. ಎಳೆದುಕೊಂಡ ಒಂದೊಂದು ಉಸಿರಿಗೂ ನನಗೆ ಆ ಹಿರಿಯೂರಿನ ರಿಜಿಸ್ಟರು ನೆನಪಾಗುತ್ತಿತ್ತು. ಇವಳಿಗೆ ಅರವತ್ತು ವರ್ಷ, ಇವಳು ಬಿದ್ದರೆ ಯಾವ ಆಸ್ಪತ್ರೆಗೆ ಓಡಲಿ ಎಂದು ಒಂದು ಕಡೆ. ಬೀಳಲಿ, ಬೇಕಾಗಿತ್ತು ಎಂದು ಇನ್ನೊಂದು ಕಡೆ. ಹೌದು, ಹಾಗೂ ಅಂದುಕೊಂಡೆ. ಚಂದ್ರಕ್ಕ ನಿಧಾನ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಹೊಲದಲ್ಲಿ ಹೇಗೋ ಹಾಗೆಯೇ. ನಾನೊಮ್ಮೆ ಬೇಕೆಂದೇ ಅರ್ಧ ಬುಟ್ಟಿ ತುಂಬಿಸಿಕೊಂಡೆ. ಅವಳು ನೋಡಿ ತನ್ನ ಬುಟ್ಟಿಗೆ ಇನ್ನೊಂದು ಸಲಿಕೆ ಹಾಕಿಸಿಕೊಂಡಳು. ಆಮೇಲೆ ನಾನು ಹಾಗೆ ಮಾಡಲಿಲ್ಲ.

ಮೂರೂವರೆಗೆ ಪಾಪಣ್ಣ ಊಟಕ್ಕೆ ಕರೆದ. ಮುಯ್ಯಾಳಿಗೆ ಊಟ ಹಾಕುವುದು ಕೆಲಸ ಮಾಡಿಸಿಕೊಂಡವನ ಜವಾಬ್ದಾರಿ, ಅವನು ಅದನ್ನು ಮರೆತಿರಲಿಲ್ಲ. ಲಾರಿಯ ನೆರಳಲ್ಲಿ ಸ್ಟೌ ಇಟ್ಟು ಚಿತ್ರಾನ್ನ ಮಾಡಿದ್ದ. ಬಕೆಟ್ಟಿನ ಹತ್ತಿರ ಚೊಂಬು ಹಿಡಿದು ನಿಂತು ನಮ್ಮ ಕೈಗೆ ನೀರು ಹಾಕಿದ. ಚಂದ್ರಕ್ಕನ ಕೈಗೆ ಒಂದು ಚೊಂಬು ಹಾಕಿದ, ಎರಡು ಹಾಕಿದ, ಸೋಪು ಕೊಟ್ಟ, ಮತ್ತೆ ಹಾಕಿದ. ಕೈ ತುಂಬ ಸೀಳು, ಸೀಳಿನ ತುಂಬ ಕಪ್ಪು. ನೀರು ಕಪ್ಪಗೆ ಇಳಿಯುತ್ತಲೇ ಇತ್ತು. ಬಕೆಟ್ಟು ಮುಗಿಯಿತು.

"ಇರ್ಲಿ ಬಿಡಪ್ಪ, ಹಂಗೇ ಉಣ್ತೀವಿ," ಎಂದಳು.

ಆ ಹಳದಿ ಅನ್ನದ ಮೇಲೆ ನಮ್ಮ ಬೆರಳಿನ ಗುರುತು ಬಿದ್ದವು. ಚಂದ್ರಕ್ಕ ಎರಡು ತುತ್ತಿಗೆ ಕೆಮ್ಮಿ, ಆಚೆ ಹೋಗಿ ಉಗಿದು ಬಂದಳು. ಉಗಿದದ್ದು ಕಪ್ಪಗಿತ್ತು. ಪಾಪಣ್ಣ ಕೈಯಲ್ಲಿ ಖಾಲಿ ಚೊಂಬು ಹಿಡಿದು ಅದನ್ನೇ ನೋಡುತ್ತ ನಿಂತಿದ್ದ. "ಉಪ್ಪು ಸಾಕಾ ಅಕ್ಕ?" ಎಂದು ಕೇಳಿದ. ಸಾಕು ಎಂದಳು.

ಐದೂವರೆಗೆ ಚಂದ್ರಕ್ಕ ಬುಟ್ಟಿಯನ್ನು ನೆಲಕ್ಕೆ ಬೋರಲು ಹಾಕಿದಳು. "ಹೊತ್ತಾತು ಕಣಪ್ಪ. ಸಮ," ಎಂದಳು. ಲಾರಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಆರು ಹೆಂಗಸರು ಐದು ಗಂಟೆಯಲ್ಲಿ ಅದಕ್ಕಿಂತ ಎಷ್ಟು ಇಳಿಸಿಯಾರು?

ಲಕ್ಷ್ಮೀಕಾಂತ್ ಓಡಿ ಬಂದ. ಆರಾಗಲು ಅರ್ಧ ಗಂಟೆ ಇತ್ತು. ಗೇಟಿನಾಚೆ ನಿಂತಿದ್ದ ಡ್ರೈವರ್‌ಗಳನ್ನು ಕೂಗಿ, "ಬಂದು ಉಳಿದದ್ದು ಇಳಿಸ್ರಿ," ಎಂದ. ಅವರಲ್ಲಿ ಹಿರಿಯವನು ಬೀಡಿ ಎಸೆದು, "ಐವರು ಸೇರಿ ಅರ್ಧ ಗಂಟ್ಯಾಗೆ ಅಷ್ಟು ಇಳಿಸಾಕೆ ನಾವೇನು ಮಿಷನ್ನಾ ಸಾರ್?" ಎಂದ. ಲಕ್ಷ್ಮೀಕಾಂತ್ ಲಾರಿಯ ಮೇಲೊಮ್ಮೆ, ಗಡಿಯಾರವನ್ನೊಮ್ಮೆ ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು. ಜೇಬಿನಿಂದ ಚೀಟಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ.

"ತಗೊ ಪಾಪಣ್ಣ, ಸಹಿ ಹಾಕು. ಪೂರ್ತಿ ಲೋಡು ಇಳಿದಿದೆ ಅಂತ. ಉಳಿದದ್ದನ್ನ ನಾಳೆ ಜೆಸಿಬಿ ತರಿಸಿ ಇಳಿಸ್ತೀನಿ. ಯಾರು ನೋಡ್ತಾರೆ?"

ಇಡೀ ಹತ್ತು ದಿನ ಆ ಪೆನ್ನಿನ ತುದಿಗೆ ಬಂದು ನಿಂತಿತ್ತು. ಒಂದು ಗೀಟು ಎಳೆದರೆ ಸಾಕು, ಪೆಂಡಾಲಿನಲ್ಲಿ ಕೂತವರೆಲ್ಲ ಎದ್ದು ಮನೆಗೆ ಹೋಗಬೇಕು. ನಾನು ಬಾಯಿ ತೆರೆದೆ. ಚಂದ್ರಕ್ಕ ನನ್ನ ಮೊಣಕೈ ಹಿಡಿದು ಅದುಮಿದಳು. ಅವಳ ಕಣ್ಣು ಪಾಪಣ್ಣನ ಕೈ ಬಿಟ್ಟು ಕದಲಲಿಲ್ಲ. ಆಗ ಗೊತ್ತಾಯಿತು, ಅವಳಿಗೂ ಮುಂದೇನಾಗುತ್ತದೆಂದು ಗೊತ್ತಿರಲಿಲ್ಲ. ಯಾವ ಉಪಾಯವೂ ಅವಳ ಸೆರಗಿನಲ್ಲಿ ಇರಲಿಲ್ಲ. ಸೋತರೂ ಸರಿಯೆಂದು ಮುಯ್ಯಿ ತೀರಿಸಲು ಬಂದಿದ್ದಳು, ಅಷ್ಟೇ.

ಪಾಪಣ್ಣ ಪೆನ್ನು ತೆಗೆದುಕೊಂಡ. "ಪೂರ್ತಿ ಇಳಿದಿಲ್ವಲ್ಲ ಸಾರ್," ಎಂದ.

"ನಿಂಗ್ಯಾಕೆ ಅದು? ಸಹಿ ಹಾಕು."

"ಇವರು ಕೊಡಬೇಕಾಗಿದ್ದು ಅರ್ಧ ದಿನ. ಅರ್ಧ ದಿನ ದುಡಿದವ್ರೆ.  ಪೂರ್ತಿ ಆತು ಅಂತ ನಾನು ಬರ್ಕೊಟ್ರೆ, ಇವರು ಮಾಡ್ದೇ ಇರೋ ಕೆಲಸನೂ ಇವರ ಕೈಲೇ ಮಾಡಿಸ್ಕಂಡಂಗೆ." ಪೆನ್ನನ್ನು ತಿರುಗಿಸಿ ನೋಡಿದ. "ಆ ಮುಯ್ಯಿ ನನ್ನ ಮ್ಯಾಲೆ ಬರ್ತದೆ ಸಾರ್. ಅದನ್ನ ನಾನು ಎಲ್ಲಿ ಹೋಗಿ ತೀರಿಸ್ಲಿ?"

ಲಕ್ಷ್ಮೀಕಾಂತ್‌ಗೆ ಅರ್ಥವಾಗಲಿಲ್ಲ. ಮೊದಲು ನಕ್ಕ, ಆಮೇಲೆ ಬೈದ, ಆಮೇಲೆ ಈ ಸೀಮೆಯಲ್ಲಿ ನಿನಗೆ ಒಂದು ಲೋಡೂ ಸಿಗದಂತೆ ಮಾಡುತ್ತೇನೆ ಎಂದ. ಅವನು ಮಾಡಬಲ್ಲವನೇ, ಅದು ಪಾಪಣ್ಣನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವನಿಗೆ ನಮ್ಮೂರಿನ ಮೇಲೆ ದಿಢೀರನೆ ಪ್ರೀತಿ ಉಕ್ಕಿ ಬಂದಿತ್ತೆಂದು ನಾನು ಹೇಳುವುದಿಲ್ಲ. ಅವನ ಮುಖದಲ್ಲಿ ಇದ್ದದ್ದು ಭಯ. ಆದರೂ ಪೆನ್ನಿಗೆ ಮುಚ್ಚಳ ಹಾಕಿ ಚೀಟಿ ಪುಸ್ತಕದ ಮೇಲಿಟ್ಟು, ಲಾರಿ ಹತ್ತಿದ.

ಅನುಮತಿ ರದ್ದಾಗಿ ಕಂಪನಿ ಈಗ ಹೊಸ ಅರ್ಜಿ ಹಾಕಿದೆ. ಅಹವಾಲು ಕೇಳಲು ಬರುವ ಸಾಹೇಬರಿಗಾಗಿ ನಾವು ಕಾಯುತ್ತಿದ್ದೇವೆ, ಗೆದ್ದೆವೆಂದು ಎದೆ ತಟ್ಟಿಕೊಳ್ಳಲು ಇನ್ನೂ ಕಾಲ ಬಂದಿಲ್ಲ. ನಾವು ಹೊತ್ತು ಹಾಕಿದ ರಾಶಿ ಕಾಂಪೌಂಡಿನೊಳಗೆ ಹಾಗೇ ಬಿದ್ದಿದೆ, ಗಾಳಿ ಎದ್ದಾಗ ಅದರ ಪುಡಿ ಊರಿಗೆ ಬರುತ್ತದೆ, ಅದು ನನ್ನ ಕೈಯಾರೆ ಹಾಕಿದ್ದು ಎನ್ನುವುದು ನನ್ನನ್ನು ಚುಚ್ಚುತ್ತದೆ. ಪಾಪಣ್ಣನಿಗೆ ಎರಡು ತಿಂಗಳು ಲೋಡು ಸಿಗಲಿಲ್ಲವಂತೆ. ಈಗ ಎಲ್ಲಿದ್ದಾನೋ ತಿಳಿಯದು.

ಆದರೆ ಅವತ್ತು ಆರಕ್ಕೆ ಹತ್ತು ನಿಮಿಷವಿದ್ದಾಗ ಅವನು ಲಾರಿಯನ್ನು ಹಿಂದಕ್ಕೆ ತೆಗೆಯಲು ಶುರು ಮಾಡಿದ. ಗೇಟು ಇಕ್ಕಟ್ಟು, ತಿರುಗಿಸಲು ಜಾಗವಿಲ್ಲ, ಕನ್ನಡಿಯ ಮೇಲೆಲ್ಲ ಕಲ್ಲಿದ್ದಲ ಪುಡಿ. ಬಲಗಡೆ ಕಂಬಕ್ಕೆ ತಾಗುವುದರಲ್ಲಿತ್ತು. ಚಂದ್ರಕ್ಕ ಓಡಿ ಹೋಗಿ ಲಾರಿಯ ಹಿಂದೆ ನಿಂತಳು. ವಾರದಿಂದ ಇದೇ ಲಾರಿಗೆ ಅಡ್ಡ ಕೂತವಳು ಅಂಗೈಯಿಂದ ಅದರ ಮಗ್ಗುಲನ್ನು ತಟ್ಟುತ್ತ, "ಬರ್ಲಿ, ಬರ್ಲಿ, ನಿಧಾನ, ಬರ್ಲಿ," ಎಂದು ಕೂಗತೊಡಗಿದಳು. ಒಂದು ಕಡೆ ಅವಳಿಗೆ ಕಂಡರೆ ಇನ್ನೊಂದು ಕಡೆ ಕಾಣುತ್ತಿರಲಿಲ್ಲ. ನಾನು ಆ ಕಡೆಗೆ ಹೋಗಿ ನಿಂತು, "ಇತ್ತಲಾಗೆ ಜಾಗ ಐತೆ, ಚಂದ್ರಕ್ಕ, ಹೇಳ್ರಿ ಅವನಿಗೆ, ಬರ್ಲಿ," ಎಂದೆ.